ಚಿತ್ರಗುಪ್ತನ ಲೆಕ್ಕದಲ್ಲೊಂದು ತಪ್ಪು

ಕನ್ನಡದ ಮಾತಿನಲ್ಲಿ ಯಮನಿಗೆ ಬಿಡುವೆಂಬುದೇ ಇಲ್ಲ. ತಾಳಲಾರದ ನೋವು ಯಮಯಾತನೆ. ಹೊರಲಾರದ ಹೊರೆ ಯಮಭಾರ. ಮೈಮುರಿದು ಮಾಡುವ ಕೆಲಸ ಯಮಸಾಹಸ. ಪಂಚಾಂಗ ತೆರೆದರೆ ದಿನಕ್ಕೆ ಒಂದೂವರೆ ಗಂಟೆಯ ಯಮಗಂಡ ಕಾಲ. ಪತ್ರಿಕೆ ತೆರೆದರೆ ಹೆದ್ದಾರಿಯಲ್ಲಿ ‘ಯಮಸ್ವರೂಪಿಯಾಗಿ ಬಂದ ಲಾರಿ’. ಇಂಥ ಯಮನನ್ನು 2018ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಸಂಚಾರ ಪೊಲೀಸರು ರಸ್ತೆಗೇ ಇಳಿಸಿದರು. ಕಿರೀಟ ಧರಿಸಿ ಗದೆ ಹಿಡಿದ ವೇಷಧಾರಿಯೊಬ್ಬ ಹೆಲ್ಮೆಟ್ ಇಲ್ಲದೆ ಬಂದ ಸವಾರರಿಗೆ ಬುದ್ಧಿ ಹೇಳಿದ. ಹೆದರಿಸಲೆಂದು ತಂದ ವೇಷ ನೋಡಿದವರ ಮುಖದಲ್ಲಿ ನಗೆ ತರಿಸುವಂಥದು. ಪೊಲೀಸರಿಗೂ ಅದು ಗೊತ್ತಿಲ್ಲದೆ ಇರಲಿಲ್ಲ.

ಸಾವಿನ ಒಡೆಯ ನಗೆಯ ಪಾತ್ರವಾದದ್ದು ಹೇಗೆ? ಇದಕ್ಕೆ ಸಿನಿಮಾದ ಕಡೆ ಬೆರಳು ತೋರಿಸುವುದು ಸುಲಭ. ಕೋಣದ ಮೇಲೆ ಕುಳಿತು ಅಬ್ಬರಿಸುವ ಯಮ, ಕನ್ನಡಕದೊಳಗಿಂದ ಕಡತ ನೋಡಿ ತಡವರಿಸುವ ಚಿತ್ರಗುಪ್ತ, ಅಪ್ಪಣೆಗಾಗಿ ಕಾದು ನಿಂತ ದಪ್ಪ ಮೀಸೆಯ ಕಿಂಕರರು - ಈ ಮೂವರನ್ನು ದಕ್ಷಿಣ ಭಾರತದ ಪ್ರೇಕ್ಷಕರು ಅರವತ್ತು ವರ್ಷಗಳಿಗೂ ಮೇಲ್ಪಟ್ಟು ತೆರೆಯ ಮೇಲೆ ನೋಡಿ ನಕ್ಕಿದ್ದಾರೆ. ಆದರೆ ಈ ನಗೆ ಸಿನಿಮಾಕ್ಕಿಂತ ಬಹಳ ಹಳೆಯದು. ನಮ್ಮ ದೇಶದ್ದು ಮಾತ್ರವೂ ಅಲ್ಲ. ಧರ್ಮಕ್ಕೂ ಹಾಸ್ಯಕ್ಕೂ ಇರುವ ನಂಟೇನು, ಅವೆರಡೂ ಎಲ್ಲಿ ಕೈಹಿಡಿದು ನಡೆಯುತ್ತವೆ, ಎಲ್ಲಿ ಮುನಿಸಿಕೊಳ್ಳುತ್ತವೆ ಎಂಬುದನ್ನು ತಿಳಿಯಲು ಈ ಯಮಲೋಕದ ಕಥೆಗಳಷ್ಟು ಒಳ್ಳೆಯ ದಾರಿ ಬೇರೆ ಸಿಕ್ಕಲಾರದು.

ಬೇರೆ ಬೇರೆ ವೇಷದಲ್ಲಿ ಬಂದರೂ ಈ ಚಿತ್ರಗಳಲ್ಲಿ ಬಹುಪಾಲಿನ ಹಂದರ ಒಂದೇ. ಯಮನ ದೂತರು ಯಾರನ್ನೋ ಒಯ್ಯಬೇಕಾದಲ್ಲಿ ಇನ್ನಾರನ್ನೋ ಒಯ್ಯುತ್ತಾರೆ. ಇಲ್ಲವೆ ಕಾಲಕ್ಕೆ ಮುಂಚೆಯೇ ಒಯ್ಯುತ್ತಾರೆ. ಲೆಕ್ಕ ತಾಳೆಯಾಗುವುದಿಲ್ಲ. ಸತ್ತವನು ಸುಮ್ಮನಿರುವುದಿಲ್ಲ, ಜಗಳಕ್ಕೆ ನಿಲ್ಲುತ್ತಾನೆ. ತಪ್ಪು ಸರಿಪಡಿಸೋಣವೆಂದರೆ ದೇಹ ಆಗಲೇ ಬೂದಿಯಾಗಿದೆ. ಅಲ್ಲಿಂದ ಮುಂದಿನದೆಲ್ಲ ನಗೆಪಾಟಲು.

ಮಹೇಂದ್ರವರ್ಮನ ಕಾಲದ ಪ್ರಹಸನ

ಈ ಹಂದರ ಸಂಸ್ಕೃತದ ‘ಭಗವದಜ್ಜುಕೀಯಂ’ ಎಂಬ ಪ್ರಹಸನದಲ್ಲಿ ಆಗಲೇ ಸಿದ್ಧವಾಗಿದೆ. ಏಳನೆಯ ಶತಮಾನದ ಆಸುಪಾಸಿನದೆಂದು ಹೇಳಲಾಗುವ ಈ ಕೃತಿಯ ಕರ್ತೃ ಬೋಧಾಯನನೆಂದು ಕೆಲವರು, ಕಂಚಿಯಿಂದ ಆಳಿದ ಪಲ್ಲವ ದೊರೆ ಮಹೇಂದ್ರವರ್ಮನೆಂದು ಇನ್ನು ಕೆಲವರು ಹೇಳುತ್ತಾರೆ. ಉದ್ಯಾನವೊಂದರಲ್ಲಿ ವಸಂತಸೇನೆಯೆಂಬ ಗಣಿಕೆ ತನ್ನ ಪ್ರಿಯನಿಗಾಗಿ ಕಾಯುತ್ತಿದ್ದಾಳೆ. ಹಾವಾಗಿ ಬಂದ ಯಮದೂತ ಕಚ್ಚಿ ಅವಳ ಪ್ರಾಣವನ್ನು ಒಯ್ಯುತ್ತಾನೆ. ಅಲ್ಲೇ ಇದ್ದ ಸನ್ಯಾಸಿಯೊಬ್ಬ, ಯೋಗಶಕ್ತಿ ಎಂದರೇನೆಂದು ಶಿಷ್ಯನಿಗೆ ತೋರಿಸಲೋಸುಗ, ತನ್ನ ಪ್ರಾಣವನ್ನು ಆ ಹೆಣದೊಳಗೆ ಹೊಗಿಸುತ್ತಾನೆ. ಅತ್ತ ಯಮ ದೂತನನ್ನು ಗದರಿಸುತ್ತಾನೆ: ತರಬೇಕಾಗಿದ್ದ ವಸಂತಸೇನೆ ಇವಳಲ್ಲ, ಇದೇ ಹೆಸರಿನ ಬೇರೊಬ್ಬಳು! ದೂತ ಪ್ರಾಣವನ್ನು ಮರಳಿ ತರುವಷ್ಟರಲ್ಲಿ ಗಣಿಕೆ ಎದ್ದು ಕುಳಿತು ವೇದಾಂತ ಹೇಳುತ್ತಿದ್ದಾಳೆ. ಬೇರೆ ದಾರಿ ಕಾಣದೆ ಅವನು ಅವಳ ಪ್ರಾಣವನ್ನು ಸನ್ಯಾಸಿಯ ದೇಹಕ್ಕೆ ತುಂಬುತ್ತಾನೆ. ಈಗ ಸನ್ಯಾಸಿ ಒನಪು ವಯ್ಯಾರ ಮಾಡತೊಡಗುತ್ತಾನೆ. ಕೊನೆಗೆ ದೂತನೇ ಅದಲುಬದಲು ಮಾಡಿ, ಯಾರ ಪ್ರಾಣ ಯಾರಿಗೋ ಅವರಿಗೇ ಒಪ್ಪಿಸುತ್ತಾನೆ.

ಹೆಸರು ಒಂದೇ ಆದ ಕಾರಣ ಕಾಗದಪತ್ರ ಅದಲುಬದಲಾಗುವುದನ್ನು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರೆಲ್ಲ ಬಲ್ಲರು. ಹದಿಮೂರು ಶತಮಾನಗಳ ಹಿಂದಿನ ಪ್ರೇಕ್ಷಕನೂ ಅದನ್ನು ಬಲ್ಲವನಾಗಿದ್ದ ಎಂಬುದು ಇಲ್ಲಿಯ ಸ್ವಾರಸ್ಯ. ಈ ಪ್ರಹಸನ ಕೇರಳದ ಕೂಡಿಯಾಟ್ಟಂ ಪರಂಪರೆಯಲ್ಲಿ ಉಳಿದುಬಂದಿದೆ ಎಂಬುದನ್ನೂ ಗಮನಿಸಬೇಕು. ಕೂಡಿಯಾಟ್ಟಂ ನಡೆಯುತ್ತಿದ್ದುದು ದೇವಾಲಯದ ಆವರಣದ ಕೂತ್ತಂಬಲದಲ್ಲಿ. ಅಂದರೆ ಪರಲೋಕದ ಗುಮಾಸ್ತನ ತಪ್ಪಿಗೆ ಜನ ನಕ್ಕದ್ದು ಗುಡಿಯ ಹೊರಗಲ್ಲ, ಗುಡಿಯ ನೆರಳಿನಲ್ಲೇ.

ಯಮನ ತೀರ್ಪಿಗೂ ಮೇಲ್ಮನವಿ

ಇದು ಸಾಧ್ಯವಾದದ್ದಕ್ಕೆ ಕಾರಣವಿದೆ. ಯಮ ತಪ್ಪು ಮಾಡಲಾರ ಎಂದು ನಮ್ಮ ಪುರಾಣಗಳು ಎಲ್ಲೂ ಹಟ ಹಿಡಿದಿಲ್ಲ. ಕಠೋಪನಿಷತ್ತಿನಲ್ಲಿ ನಚಿಕೇತ ಯಮನ ಬಾಗಿಲಿಗೆ ಹೋದಾಗ ಯಮ ಮನೆಯಲ್ಲಿರುವುದಿಲ್ಲ. ಬಾಲಕ ಅನ್ನನೀರಿಲ್ಲದೆ ಮೂರು ರಾತ್ರಿ ಕಾಯುತ್ತಾನೆ. ಹಿಂದಿರುಗಿದ ಯಮ, ಅತಿಥಿಯನ್ನು ಕಾಯಿಸಿದ ತಪ್ಪಿಗಾಗಿ ರಾತ್ರಿಗೊಂದರಂತೆ ಮೂರು ವರ ಕೊಡುತ್ತಾನೆ. ಮಹಾಭಾರತದ ಸಾವಿತ್ರಿ ವಾದದಲ್ಲಿ ಯಮನನ್ನು ಗೆದ್ದು ಗಂಡನ ಪ್ರಾಣವನ್ನು ಮರಳಿ ಪಡೆಯುತ್ತಾಳೆ. ಭಾಗವತದ ಅಜಾಮಿಳ ಸಾಯುವಾಗ ಮಗನನ್ನು ‘ನಾರಾಯಣಾ’ ಎಂದು ಕರೆದನಷ್ಟೆ. ಅಷ್ಟಕ್ಕೇ ವಿಷ್ಣುದೂತರು ಬಂದು ಯಮದೂತರನ್ನು ತಡೆಯುತ್ತಾರೆ. ಬರಿಗೈಯಲ್ಲಿ ಹಿಂದಿರುಗಿದ ದೂತರು ಒಡೆಯನನ್ನು ಕೇಳುವ ಪ್ರಶ್ನೆ ಯಾವ ಕಚೇರಿಯ ಜವಾನನಾದರೂ ಕೇಳುವಂಥದೇ: ಈ ಲೋಕದಲ್ಲಿ ಆಜ್ಞೆ ಮಾಡುವವರು ಎಷ್ಟು ಜನ? ನಾವು ಯಾರ ಮಾತು ಕೇಳಬೇಕು?

ಇವೆಲ್ಲಕ್ಕಿಂತ ಮಿಗಿಲಾದದ್ದು ಆದಿಪರ್ವದ ಮಾಂಡವ್ಯನ ಕಥೆ. ಮಾಡದ ಕಳ್ಳತನಕ್ಕಾಗಿ ಶೂಲಕ್ಕೇರಿದ ಆ ಮುನಿ ಯಮನ ಮುಂದೆ ನಿಂತು, ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಕೇಳುತ್ತಾನೆ. ಚಿಕ್ಕವನಿದ್ದಾಗ ಹುಳಗಳ ಬಾಲಕ್ಕೆ ಕಡ್ಡಿ ಚುಚ್ಚಿದ್ದೆ ಎಂದು ಉತ್ತರ ಬರುತ್ತದೆ. ಅಷ್ಟು ಚಿಕ್ಕ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೆ ಎಂದು ಕೆರಳಿದ ಮುನಿ ಯಮನಿಗೇ ಶಾಪ ಕೊಡುತ್ತಾನೆ. ಯಮ ಭೂಮಿಯಲ್ಲಿ ವಿದುರನಾಗಿ ಹುಟ್ಟಬೇಕಾಗುತ್ತದೆ. ಅಷ್ಟೇ ಅಲ್ಲ, 14 ವರ್ಷ ತುಂಬುವವರೆಗೆ ಮಾಡಿದ್ದು ಪಾಪವೆನಿಸದು ಎಂಬ ಹೊಸ ನಿಯಮವನ್ನೂ ಆ ಮುನಿಯೇ ಗೊತ್ತುಪಡಿಸುತ್ತಾನೆ. ಕಥೆಯಲ್ಲಿ ನಗುವಂಥದು ಏನೂ ಇಲ್ಲ. ಆದರೆ ನಗೆಗೆ ಬೇಕಾದ ಜಾಗವನ್ನು ಇದು ತೆರವು ಮಾಡಿಕೊಟ್ಟಿದೆ. ಧರ್ಮರಾಯನ ತೀರ್ಪನ್ನೂ ಪ್ರಶ್ನಿಸಬಹುದು, ಅವನ ಕಾನೂನನ್ನೂ ತಿದ್ದಬಹುದು ಎಂದು ಧರ್ಮಗ್ರಂಥವೇ ಹೇಳಿದ ಮೇಲೆ, ಪ್ರಹಸನಕಾರ ಹೊಸದಾಗಿ ಧೈರ್ಯ ತಂದುಕೊಳ್ಳಬೇಕಾಗಿರಲಿಲ್ಲ.

ಪರಲೋಕವನ್ನು ಕಚೇರಿಯಾಗಿ ಕಂಡವರು ನಾವು ಮಾತ್ರವಲ್ಲ. ಅಧಿಕಾರಿಗಳ ಆಡಳಿತಕ್ಕೆ ಹೆಸರಾದ ಚೀನಾದ 16ನೆಯ ಶತಮಾನದ ‘ಪಶ್ಚಿಮ ಯಾತ್ರೆ’ ಕಾದಂಬರಿಯಲ್ಲಿ ಕಪಿರಾಯ ಸುನ್ ವುಕೋಂಗ್ ನರಕದ ದಫ್ತರಕ್ಕೆ ನುಗ್ಗಿ, ಸಾವಿನ ಪುಸ್ತಕದಲ್ಲಿದ್ದ ತನ್ನ ಹೆಸರನ್ನು ಹೊಡೆದುಹಾಕಿ, ತನ್ನ ಕುಲದ ಕೋತಿಗಳ ಹೆಸರುಗಳನ್ನೂ ಅಳಿಸಿಬರುತ್ತಾನೆ. ಮನುಷ್ಯ ತಾನು ಬಲ್ಲ ಆಡಳಿತವನ್ನೇ ಮೇಲಿನ ಲೋಕಕ್ಕೂ ಏರಿಸುತ್ತಾನೆ. ಊರಿನ ಜಮೀನಿನ ಲೆಕ್ಕ ಶಾನುಭೋಗರ ಕೈಯಲ್ಲಿದ್ದರೆ ಪಾಪಪುಣ್ಯದ ಲೆಕ್ಕಕ್ಕೂ ಒಬ್ಬ ಶಾನುಭೋಗ ಬೇಕಲ್ಲ! ಶಾನುಭೋಗನೆಂದ ಮೇಲೆ ಲೆಕ್ಕ ತಪ್ಪುವ ಸಂಭವವೂ ಇದ್ದದ್ದೇ.

ಹಾಲಿವುಡ್ಡಿನ ದೂತರು

ಇದೇ ಕಥೆ ಅಮೆರಿಕದಲ್ಲಿ ಬೇರೊಂದು ದಾರಿಯಿಂದ ತೆರೆಗೆ ಬಂತು. 1930ರಲ್ಲಿ ಹಾಲಿವುಡ್ಡಿನ ನಿರ್ಮಾಪಕರು ತಮಗೆ ತಾವೇ ಒಂದು ನಿಯಮಾವಳಿ ಹಾಕಿಕೊಂಡರು. 1934ರಿಂದ ಅದು ಕಟ್ಟುನಿಟ್ಟಾಗಿ ಜಾರಿಗೆ ಬಂತು. ಯಾವುದೇ ಮತಶ್ರದ್ಧೆಯನ್ನು ಅಪಹಾಸ್ಯ ಮಾಡಕೂಡದು, ಪಾದ್ರಿಗಳನ್ನು ಹಾಸ್ಯಪಾತ್ರಗಳಾಗಿಯಾಗಲಿ ಖಳರಾಗಿಯಾಗಲಿ ತೋರಿಸಕೂಡದು ಎಂಬುದು ಅದರ ವಿಧಿಗಳಲ್ಲೊಂದು. ಹತ್ತೇ ವರ್ಷ ಹಿಂದೆ, 1923ರ ‘ದಿ ಪಿಲ್‌ಗ್ರಿಮ್’ ಚಿತ್ರದಲ್ಲಿ ಚಾರ್ಲಿ ಚಾಪ್ಲಿನ್ ಜೈಲಿನಿಂದ ತಪ್ಪಿಸಿಕೊಂಡು ಪಾದ್ರಿಯ ವೇಷದಲ್ಲಿ ಇಗರ್ಜಿಯ ವೇದಿಕೆ ಹತ್ತಿ, ದಾವೀದ-ಗೊಲಿಯಾತರ ಕಾಳಗವನ್ನು ಕೈಬಾಯಿ ತಿರುಗಿಸಿ ಅಭಿನಯಿಸಿದ್ದ. ಹೊಸ ನಿಯಮದ ಕೆಳಗೆ ಅಂಥ ತಮಾಷೆಗೆ ಜಾಗ ಸಿಗುವುದು ಕಷ್ಟವಿತ್ತು.

ಪಾದ್ರಿಯನ್ನು ನೋಡಿ ನಗುವಂತಿಲ್ಲ. ದೇವರ ಮಾತಂತೂ ದೂರವೇ ಉಳಿಯಿತು. ಉಳಿದವರಾರು? ದೇವರ ಕಚೇರಿಯ ಸಿಬ್ಬಂದಿ. ಹ್ಯಾರಿ ಸೆಗಲ್ ಬರೆದ ನಾಟಕವೊಂದನ್ನು ಆಧರಿಸಿ 1941ರಲ್ಲಿ ಬಂದ ‘ಹಿಯರ್ ಕಮ್ಸ್ ಮಿಸ್ಟರ್ ಜೋರ್ಡನ್’ ಚಿತ್ರದ ನಾಯಕ ಜೋ ಒಬ್ಬ ಮುಷ್ಟಿಕಾಳಗದ ಪಟು. ಅವನ ವಿಮಾನ ಬೀಳುತ್ತಿರುವಾಗ, ಕೆಲಸಕ್ಕೆ ಹೊಸಬನಾದ 7013 ಎಂಬ ಸಂಖ್ಯೆಯ ದೇವದೂತ, ಪಾಪ, ನೋವಾಗದಿರಲಿ ಎಂದು ಪ್ರಾಣವನ್ನು ಮುಂಚೆಯೇ ಎಳೆದುಕೊಳ್ಳುತ್ತಾನೆ. ಆಮೇಲೆ ಪುಸ್ತಕ ನೋಡಿದರೆ ಜೋ ಬದುಕುಳಿಯಬೇಕಾಗಿತ್ತು. ಅವನಿಗೆ ಇನ್ನೂ 50 ವರ್ಷ ಆಯುಸ್ಸಿತ್ತು! ಅಷ್ಟರಲ್ಲಿ ದೇಹವನ್ನು ಸುಟ್ಟುಬಿಟ್ಟಿದ್ದಾರೆ. ಮೇಲಧಿಕಾರಿ ಜೋರ್ಡನ್ ಸಾಹೇಬರು ಜೋನನ್ನು ಕರೆದುಕೊಂಡು ಬೇರೊಂದು ದೇಹ ಹುಡುಕಲು ಹೊರಡುತ್ತಾರೆ. ದೇವರು ಎಲ್ಲೂ ತೆರೆಗೆ ಬರುವುದಿಲ್ಲ. ತಪ್ಪು ಮಾಡುವವನು ಕೆಳಗಿನ ದರ್ಜೆಯವನು. ತಿದ್ದುವವನು ಸಭ್ಯ ಅಧಿಕಾರಿ. ಯಾವ ಮತದವರಿಗೂ ನೋವಾಗದಂತೆ ಸ್ವರ್ಗವನ್ನು ನೋಡಿ ನಗುವ ಉಪಾಯ ಹೀಗೆ ಸಿಕ್ಕಿತು. ಚಿತ್ರಕ್ಕೆ ಕಥೆ ಮತ್ತು ಚಿತ್ರಕಥೆಗಾಗಿ ಎರಡು ಆಸ್ಕರ್ ಪ್ರಶಸ್ತಿಗಳೂ ಬಂದವು. 1978ರಲ್ಲಿ ಇದೇ ಕಥೆ ‘ಹೆವನ್ ಕ್ಯಾನ್ ವೇಟ್’ ಎಂಬ ಹೆಸರಿನಲ್ಲಿ ಮತ್ತೆ ಬಂತು.

ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಬ್ರಿಟನ್ನಿನ ಪೋವೆಲ್ ಮತ್ತು ಪ್ರೆಸ್‌ಬರ್ಗರ್ ಜೋಡಿ ಇದೇ ಎಳೆಯಿಂದ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ ಚಿತ್ರ ತೆಗೆಯಿತು. ಉರಿಯುತ್ತಿರುವ ಯುದ್ಧವಿಮಾನದಿಂದ ಪ್ಯಾರಾಶೂಟ್ ಇಲ್ಲದೆ ಹಾರಿದ ಯೋಧ ಸಾಯಬೇಕಿತ್ತು. ಕರೆದೊಯ್ಯಲು ಬಂದ ದೂತನಿಗೆ ಇಂಗ್ಲೆಂಡಿನ ದಟ್ಟ ಮಂಜಿನಲ್ಲಿ ಅವನು ಕಾಣಿಸುವುದಿಲ್ಲ. ಆ ಒಂದು ದಿನದೊಳಗೆ ಯೋಧ ಪ್ರೀತಿಯಲ್ಲಿ ಬಿದ್ದಿದ್ದಾನೆ. ತಪ್ಪು ನಿಮ್ಮದು, ಅದರ ದಂಡ ನಾನೇಕೆ ತೆರಲಿ ಎಂದು ಅವನು ಮೇಲಿನ ಲೋಕದ ನ್ಯಾಯಾಲಯದಲ್ಲಿ ವಾದ ಹೂಡುತ್ತಾನೆ. ಈ ಚಿತ್ರದಲ್ಲಿ ಭೂಮಿಗೆ ಬಣ್ಣವಿದೆ, ಪರಲೋಕ ಮಾತ್ರ ಕಪ್ಪು-ಬಿಳುಪು. ಆರು ವರ್ಷಗಳ ಯುದ್ಧದಲ್ಲಿ ಮನೆಮನೆಯ ಹುಡುಗರನ್ನು ಕಳೆದುಕೊಂಡಿದ್ದ ಜನ, ಒಬ್ಬನೇ ಒಬ್ಬ ಹುಡುಗ ಲೆಕ್ಕದ ತಪ್ಪಿನಿಂದ ಉಳಿಯುವ ಕಥೆಯನ್ನು ನೋಡಿದರು. ಆ ನಗೆಯ ಹಿಂದೆ ಏನಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ಯಮಲೋಕದಲ್ಲಿ ಮುಷ್ಕರ

ನಮ್ಮಲ್ಲಿ ಈ ನಗೆ ದೊಡ್ಡದಾಗಿ ತೆರೆಗೆ ಬಂದದ್ದು ಬಂಗಾಳದಿಂದ. 1958ರ ‘ಜಮಾಲಯೇ ಜೀಬಂತ ಮಾನುಷ್’ ಚಿತ್ರದ ಹೆಸರಿನ ಅರ್ಥವೇ ‘ಯಮಾಲಯದಲ್ಲಿ ಜೀವಂತ ಮನುಷ್ಯ’. ಹೆಸರಾಂತ ಹಾಸ್ಯನಟ ಭಾನು ಬಂದ್ಯೋಪಾಧ್ಯಾಯ ಅದರ ನಾಯಕ. ಎರಡೇ ವರ್ಷಗಳಲ್ಲಿ, 1960ರಲ್ಲಿ, ಅದು ತೆಲುಗಿನಲ್ಲಿ ‘ದೇವಾಂತಕುಡು’ ಆಯಿತು. ಎನ್.ಟಿ. ರಾಮರಾವ್ ನಾಯಕ, ಎಸ್.ವಿ. ರಂಗರಾವ್ ಯಮ, ನಿರ್ದೇಶನ ಸಿ. ಪುಲ್ಲಯ್ಯನವರದು.

ಪುಲ್ಲಯ್ಯನವರ ಹೆಸರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ತೆಲುಗು ವಾಕ್ಚಿತ್ರದ ಮೊದಲ ದಿನಗಳಲ್ಲಿ, 1933ರಲ್ಲಿ, ‘ಸಾವಿತ್ರಿ’ ಚಿತ್ರವನ್ನು ನಿರ್ದೇಶಿಸಿದವರೂ ಅವರೇ. ಅಲ್ಲಿ ಯಮನ ಎದುರು ಪತಿವ್ರತೆಯ ಭಕ್ತಿ, ಇಲ್ಲಿ ಯಮನ ಎದುರು ತುಂಟನ ತಂಟೆ. ಮೊದಲನೆಯದನ್ನು ಮಾಡಿದ ಕೈಗೆ ಎರಡನೆಯದನ್ನು ಮಾಡಲು ಹಿಂಜರಿಕೆಯಾಗಲಿಲ್ಲ. ಎನ್.ಟಿ.ಆರ್. ಅವರದೂ ಹೀಗೆಯೇ. 1957ರ ‘ಮಾಯಾಬಜಾರ್’ ಚಿತ್ರದಲ್ಲಿ ಕೃಷ್ಣನಾಗಿ ಕಂಡವರು ಮೂರು ವರ್ಷ ಕಳೆದು ಯಮನನ್ನು ಪೇಚಿಗೆ ಸಿಕ್ಕಿಸಿದರು. ಅವರನ್ನು ಕೃಷ್ಣನೆಂದು ನಂಬಿ ಕೈಮುಗಿದ ಪ್ರೇಕ್ಷಕರಿಗೆ ಇದರಲ್ಲಿ ವಿರೋಧವೇನೂ ಕಾಣಲಿಲ್ಲ.

1977ರಲ್ಲಿ ಎನ್.ಟಿ.ಆರ್. ಮತ್ತೆ ‘ಯಮಗೋಲ’ ಎಬ್ಬಿಸಿದರು. ಕೈಕಾಲ ಸತ್ಯನಾರಾಯಣ ಯಮ, ಅಲ್ಲು ರಾಮಲಿಂಗಯ್ಯ ಚಿತ್ರಗುಪ್ತ. ಯಮಲೋಕಕ್ಕೆ ಬಂದ ನಾಯಕ ಅಲ್ಲಿಯ ಕಿಂಕರರಿಗೆ ಹಕ್ಕುಗಳ ಪಾಠ ಹೇಳಿ ಮುಷ್ಕರ ಹೂಡಿಸುತ್ತಾನೆ. ಎಷ್ಟೋ ಯುಗಗಳಿಂದ ರಜೆಯಿಲ್ಲದೆ, ಬಡ್ತಿಯಿಲ್ಲದೆ ದುಡಿದವರಲ್ಲವೆ ಅವರು! ಇಲ್ಲಿ ನಗೆಯ ಗುರಿ ಯಾರೆಂಬುದು ಸ್ಪಷ್ಟ. ಕರ್ಮಸಿದ್ಧಾಂತವನ್ನು ಯಾರೂ ಹಂಗಿಸುತ್ತಿಲ್ಲ. ಹಂಗಿಸುತ್ತಿರುವುದು ನಮ್ಮ ನಿಮ್ಮ ಊರಿನ ಸರಕಾರಿ ಕಚೇರಿಯನ್ನು. ಕೆಳಗಿನ ಸಾಹೇಬರ ಎದುರು ಬಾಯಿ ತೆರೆಯಲಾಗದವನು ಮೇಲಿನ ಸಾಹೇಬರ ಎದುರು ಮೇಜು ಗುದ್ದುವುದನ್ನು ಕಂಡು ಜನ ಚಪ್ಪಾಳೆ ತಟ್ಟಿದರು. ಚಿತ್ರ 1979ರಲ್ಲಿ ‘ಲೋಕ್ ಪರಲೋಕ್’ ಎಂದು ಹಿಂದಿಗೂ ಹೋಯಿತು. ಜೋರ್ಡನ್ ಸಾಹೇಬರ ಕಥೆಯಂತೂ ಅದಕ್ಕೂ ಮೊದಲೇ, 1968ರಲ್ಲಿ, ‘ಝುಕ್ ಗಯಾ ಆಸ್ಮಾನ್’ ಆಗಿ ಹಿಂದಿಗೆ ಬಂದಿತ್ತು.

ಕನ್ನಡ ಪ್ರೇಕ್ಷಕರಿಗೂ ಈ ಲೋಕ ಹೊಸದಲ್ಲ. ದೇವರು-ರಾಜರ ಗಂಭೀರ ಪ್ರಸಂಗದ ನಡುವೆ ದೂತನಾಗಿ ಬಂದು ಒಡೆಯನ ಮಾತಿಗೇ ಅಡ್ಡಮಾತು ಹಾಕುವ ಹಾಸ್ಯಗಾರನನ್ನು ಯಕ್ಷಗಾನದ ರಂಗಸ್ಥಳದಲ್ಲಿ ಕಂಡವರು ನಾವು. 2012ರ ‘ಕಠಾರಿವೀರ ಸುರಸುಂದರಾಂಗಿ’ ಚಿತ್ರದಲ್ಲಿ ಅಂಬರೀಷ್ ಯಮನಾದಾಗ, ಉಪೇಂದ್ರ ಆ ಲೋಕದಲ್ಲಿ ಗಲಾಟೆ ಎಬ್ಬಿಸಿದಾಗ, ಹಳೆಯ ಪರಿಚಯಸ್ಥರನ್ನು ಕಂಡಂತೆಯೇ ನಕ್ಕೆವು.

ಅಜ್ಜಿಯ ಆಕ್ಷೇಪಣೆ

ಬರಿಯ ಕಚೇರಿಯ ವಿಡಂಬನೆಯಷ್ಟೇ ಆಗಿದ್ದರೆ ಈ ಕಥೆ ಇಷ್ಟು ಕಾಲ ಬಾಳುತ್ತಿರಲಿಲ್ಲ. ಅದರ ಬೇರು ಇನ್ನೂ ಆಳದಲ್ಲಿದೆ. ಮನೆಯಲ್ಲಿ ಹರೆಯದ ಜೀವವೊಂದು ಹೋದಾಗ ಮೂಲೆಯಲ್ಲಿ ಕುಳಿತ ಮುದುಕಿ ಏನೆನ್ನುತ್ತಾಳೆ? ‘ಆ ಯಮನ ಕಣ್ಣಿಗೆ ನಾನು ಬೀಳಲಿಲ್ಲವೇ?’ ಎನ್ನುತ್ತಾಳೆ. ಈ ಮಾತು ಕೇಳದ ಊರಿಲ್ಲ. ಅದು ನಾಸ್ತಿಕತೆಯ ಮಾತಲ್ಲ. ಯಮನಿದ್ದಾನೆ, ಲೆಕ್ಕವಿದೆ ಎಂದು ನಂಬಿದವಳಷ್ಟೇ ಹಾಗೆ ಕೇಳಬಲ್ಲಳು. ಅವಳ ಆಕ್ಷೇಪಣೆ ಇಷ್ಟೇ: ಲೆಕ್ಕ ತಪ್ಪಿದೆ, ಒಯ್ಯಬೇಕಾದವರನ್ನು ಬಿಟ್ಟು ಬೇರೆಯವರನ್ನು ಒಯ್ದಿದ್ದಾರೆ.

ಧರ್ಮ ಅವಳಿಗೆ ಹೇಳುವ ಸಮಾಧಾನ, ಎಲ್ಲವೂ ಹಣೆಯಲ್ಲಿ ಬರೆದಂತೆ ಎಂಬುದು. ಆದರೆ ಎದುರಿಗಿರುವ ಸಾವು ಬರೆದದ್ದರಂತೆ ಕಾಣುವುದಿಲ್ಲ. ಬರೆಯುವಾಗ ಆದ ತಪ್ಪಿನಂತೆ ಕಾಣುತ್ತದೆ. ಈ ಎರಡರ ನಡುವಿನ ಬಿರುಕಿನಲ್ಲಿ ಹುಟ್ಟಿದ್ದು ಯಮಲೋಕದ ಹಾಸ್ಯ. ಮುದುಕಿ ಅಳುತ್ತಾ ಹೇಳಿದ್ದನ್ನೇ ಪ್ರಹಸನ ನಗಿಸುತ್ತಾ ಹೇಳುತ್ತದೆ. ಅವಳ ಅರ್ಜಿಯನ್ನು ತೆಗೆದುಕೊಂಡು ಮೇಲಿನ ಕಚೇರಿಗೆ ಹೋಗಿ, ಹೌದು, ತಪ್ಪಾಗಿದೆ ಎಂದು ಚಿತ್ರಗುಪ್ತನ ಬಾಯಿಂದಲೇ ಹೇಳಿಸುತ್ತದೆ.

ಈ ಚಿತ್ರಗಳ ಒಳಗಿನ ಸಂಕಟ ಒಮ್ಮೊಮ್ಮೆ ಮೇಲಕ್ಕೇ ಬಂದುಬಿಡುತ್ತದೆ. 1988ರ ‘ಯಮುಡಿಕಿ ಮೊಗುಡು’ ಚಿತ್ರದಲ್ಲಿ ಚಿರಂಜೀವಿ, ಲೆಕ್ಕ ತಪ್ಪಿ ಮೇಲೆ ಬಂದವನಾಗಿ, ದೇಹ ಸುಟ್ಟುಹೋದ ಕಾರಣ ತನ್ನನ್ನೇ ಹೋಲುವ ಇನ್ನೊಬ್ಬನ ದೇಹದಲ್ಲಿ ಮರಳುತ್ತಾನೆ. ಎರಡು ಮನೆಗಳ ಋಣ ಅವನ ತಲೆಯ ಮೇಲೆ ಬೀಳುತ್ತದೆ. 1994ರ ‘ಯಮಲೀಲ’ ಚಿತ್ರದಲ್ಲಿ ಯಮನ ಭವಿಷ್ಯದ ಪುಸ್ತಕವೇ ಕಳೆದು ಭೂಮಿಗೆ ಬೀಳುತ್ತದೆ. ಅದನ್ನು ಹುಡುಕುತ್ತಾ ಬಂದ ಯಮ ಐಸ್‌ಕ್ರೀಮಿನ ರುಚಿಗೆ ಮರುಳಾಗುತ್ತಾನೆ ಎಂದು ನಾವು ನಗುತ್ತಿರುವಾಗಲೇ, ಪುಸ್ತಕ ಸಿಕ್ಕಿದ ಹುಡುಗ ಅದರಲ್ಲಿ ತನ್ನ ತಾಯಿಯ ಸಾವಿನ ಗಳಿಗೆಯನ್ನು ಓದಿಕೊಳ್ಳುತ್ತಾನೆ. ಇಡೀ ಚಿತ್ರದ ತಮಾಷೆ ನಿಂತಿರುವುದು ಆ ಒಂದು ಪುಟದ ಮೇಲೆ. ಅಮೆರಿಕದ ಪಿಕ್ಸಾರ್ ಸಂಸ್ಥೆಯ 2020ರ ‘ಸೋಲ್’ ಚಿತ್ರದಲ್ಲೂ ಸತ್ತವರ ಸಂಖ್ಯೆಯಲ್ಲಿ ಒಂದು ಕಡಿಮೆ ಬಂತೆಂದು ಪರದಾಡುವ ಲೆಕ್ಕಿಗನಿದ್ದಾನೆ. ಕಾಲ ಬದಲಾದರೂ ಆ ಪಾತ್ರಕ್ಕೆ ನಿವೃತ್ತಿಯಿಲ್ಲ.

ಇನ್ನೊಂದು ಅಂಶ. ಇಂಥ ಯಾವ ಕಥೆಯಲ್ಲೂ ಸಾವನ್ನು ರದ್ದು ಮಾಡುವುದಿಲ್ಲ. ನಾಯಕನಿಗೆ ಸಿಗುವುದು ಕೆಲವು ವರ್ಷಗಳ ವಾಯಿದೆ ಮಾತ್ರ. ಪ್ರಾಣಗಳು ತಮ್ಮ ತಮ್ಮ ದೇಹ ಸೇರುತ್ತವೆ, ಕಡತ ಮುಚ್ಚುತ್ತದೆ, ಯಮ ತನ್ನ ಪೀಠಕ್ಕೆ ಮರಳುತ್ತಾನೆ. ಅಂದರೆ ಈ ನಗೆ ನಂಬಿಕೆಯ ಮನೆಯನ್ನು ಕೆಡವುವುದಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಸರಿಪಡಿಸುವಂತೆ, ಸೋರುವ ಕಡೆ ಕೈಯಾಡಿಸಿ ಇಳಿಯುತ್ತದೆ. ಭಕ್ತರೂ ಮನೆಮಂದಿಯೊಡನೆ ಕುಳಿತು ಇದನ್ನು ನೋಡಲು ಸಾಧ್ಯವಾದದ್ದು ಅದರಿಂದ.

2012ರ ಹಿಂದಿ ಚಿತ್ರ ‘ಓ ಮೈ ಗಾಡ್’, ಅದರ ಕನ್ನಡ ರೂಪವಾದ 2016ರ ‘ಮುಕುಂದ ಮುರಾರಿ’ ಬೇರೆ ಬಗೆಯವು. ಭೂಕಂಪದಲ್ಲಿ ಅಂಗಡಿ ಕಳೆದುಕೊಂಡವನು ದೇವರ ಮೇಲೆಯೇ ದಾವೆ ಹೂಡುವ ಕಥೆ ಅದು. ಅಲ್ಲಿ ದೇವರು ಮಿತ್ರನಾಗಿ ಬರುತ್ತಾನೆ. ಏಟು ಬೀಳುವುದು ದೇವರ ಹೆಸರಿನಲ್ಲಿ ವ್ಯಾಪಾರ ಮಾಡುವವರಿಗೆ. ಅಂಥ ನಗೆಗೆ ಜೀವಂತ ಎದುರಾಳಿಗಳಿರುತ್ತಾರೆ. ಯಮಲೋಕದ ನಗೆಗೆ ಅಂಥ ಎದುರಾಳಿಗಳಿಲ್ಲ, ಯಮನ ಪರವಾಗಿ ಪ್ರತಿಭಟನೆಗೆ ಇಳಿಯುವವರು ಯಾರಿದ್ದಾರೆ ಎಂದುಕೊಳ್ಳುವುದು ಸಹಜ.

ಗುಮಾಸ್ತನೋ ಮೂಲಪುರುಷನೋ

ಹಾಗೆ ಅಂದುಕೊಂಡವರಿಗೆ 2022ರಲ್ಲಿ ಉತ್ತರ ಸಿಕ್ಕಿತು. ಆ ವರ್ಷದ ದೀಪಾವಳಿಗೆ ಬಂದ ಹಿಂದಿ ಚಿತ್ರ ‘ಥ್ಯಾಂಕ್ ಗಾಡ್’ನಲ್ಲಿ ಅಪಘಾತಕ್ಕೆ ಸಿಕ್ಕಿದವನೊಬ್ಬ ಬದುಕು-ಸಾವಿನ ನಡುವೆ ತೂಗುತ್ತಾ, ತನ್ನ ಪಾಪಪುಣ್ಯಗಳ ಪರೀಕ್ಷೆ ಎದುರಿಸುತ್ತಾನೆ. ಪರೀಕ್ಷಕ ಚಿತ್ರಗುಪ್ತ, ಆ ಪಾತ್ರ ಅಜಯ್ ದೇವಗನ್ ಅವರದು, ತೊಟ್ಟದ್ದು ಸೂಟು. ಮುನ್ನೋಟ ಹೊರಬಿದ್ದ ಕೂಡಲೇ ಉತ್ತರ ಭಾರತದ ಕಾಯಸ್ಥ ಸಮುದಾಯದಿಂದ ಪ್ರತಿಭಟನೆ ಎದ್ದಿತು. ಉತ್ತರ ಪ್ರದೇಶದ ಜೌನ್‌ಪುರದ ನ್ಯಾಯಾಲಯದಲ್ಲಿ ದೂರು ದಾಖಲಾಯಿತು. ಮಧ್ಯಪ್ರದೇಶದ ಸಚಿವರೊಬ್ಬರು ಚಿತ್ರವನ್ನು ನಿಷೇಧಿಸಬೇಕೆಂದು ಕೇಂದ್ರಕ್ಕೆ ಪತ್ರ ಬರೆದರು. ಕೊನೆಗೆ ಬಿಡುಗಡೆಯಾದ ಚಿತ್ರದಲ್ಲಿ ಚಿತ್ರಗುಪ್ತ ‘ಸಿ.ಜಿ.’ ಆಗಿದ್ದ, ಯಮದೂತ ‘ವೈ.ಡಿ.’ ಆಗಿದ್ದ.

ದಕ್ಷಿಣದವರಿಗೆ ಇದು ಸೋಜಿಗವೆನಿಸಬಹುದು. ಆದರೆ ಕಾಯಸ್ಥರಿಗೆ ಚಿತ್ರಗುಪ್ತ ಸಿನಿಮಾದ ಗುಮಾಸ್ತನಲ್ಲ. ತಮ್ಮ ವಂಶದ ಮೂಲಪುರುಷ. ತಲೆಮಾರುಗಳಿಂದ ಬರವಣಿಗೆ ಮತ್ತು ಲೆಕ್ಕಪತ್ರವನ್ನೇ ವೃತ್ತಿಯಾಗಿ ಮಾಡಿಕೊಂಡು ಬಂದ ಸಮುದಾಯ ಅದು. ದೀಪಾವಳಿಯ ಬೆನ್ನಿಗೆ ಬರುವ ಯಮದ್ವಿತೀಯದಂದು ಅವರ ಮನೆಗಳಲ್ಲಿ ಲೇಖನಿ-ಮಸಿಕುಡಿಕೆಗಳನ್ನಿಟ್ಟು ಚಿತ್ರಗುಪ್ತನಿಗೆ ಪೂಜೆ ನಡೆಯುತ್ತದೆ. ನಮ್ಮಲ್ಲಿ ಅದೇ ದಿನ ಭಾವನ ಬಿದಿಗೆ. ಯಮ ತಂಗಿ ಯಮುನೆಯ ಮನೆಗೆ ಊಟಕ್ಕೆ ಹೋದ ದಿನವ���ದು ನಂಬಿಕೆ. ಕಂಚಿಯಲ್ಲಿ ಚಿತ್ರಗುಪ್ತನಿಗೆ ಪ್ರತ್ಯೇಕ ಗುಡಿಯೇ ಇದೆ. ಯಮನ ಗುಮಾಸ್ತನನ್ನು ಪೂಜಿಸುವವರು ಇದ್ದಾರೆ ಎಂಬುದು ಬಹುಮಂದಿಗೆ ತಿಳಿಯದ ಸಂಗತಿಯಾಗಿತ್ತು, ಅಷ್ಟೆ.

ಇಲ್ಲಿ ಕಾನೂನಿನ ಮಾತನ್ನೂ ನೆನೆಯಬೇಕು. 1927ರಲ್ಲಿ ದಂಡಸಂಹಿತೆಗೆ ಸೇರಿದ 295-ಎ ವಿಧಿಯ ಪ್ರಕಾರ, ಧಾರ್ಮಿಕ ಭಾವನೆಗಳನ್ನು ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಕೆರಳಿಸುವುದು ಅಪರಾಧ. ತಿಳಿಯದೆ ಅಥವಾ ಕೆಟ್ಟ ಉದ್ದೇಶವಿಲ್ಲದೆ ಆಡಿದ ಮಾತು ಇದರ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 1957ರ ರಾಮ್‌ಜಿಲಾಲ್ ಮೋದಿ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 299ನೆಯ ವಿಧಿಯಲ್ಲೂ ಉದ್ದೇಶಕ್ಕೇ ಪ್ರಾಧಾನ್ಯ. ಕಾನೂನು ಕೇಳುವುದು ನಕ್ಕವನ ಮನಸ್ಸಿನಲ್ಲಿ ಏನಿತ್ತು ಎಂದು. ನೊಂದವನಾದರೋ ತನ್ನ ಮನಸ್ಸಿಗೆ ಏನಾಯಿತು ಎಂಬುದನ್ನು ಹೇಳುತ್ತಾನೆ. ಎರಡೂ ನಿಜವೇ. ಆದರೆ ಎರಡನೆಯದನ್ನೇ ಅಳತೆಗೋಲು ಮಾಡಿಕೊಂಡರೆ, ಭಗವದಜ್ಜುಕೀಯದಂಥ ಪ್ರಹಸನವನ್ನು ಇಂದು ಆಡಲು ಆದೀತೆ? ಸನ್ಯಾಸಿ, ಗಣಿಕೆ, ಯಮದೂತ - ಮೂವರಿಗೂ ಸಂಕ್ಷಿಪ್ತ ಹೆಸರು ಹುಡುಕಬೇಕಾಗುತ್ತದೆ.

ಅದೇ 2022ರ ಸೆಪ್ಟೆಂಬರಿನಲ್ಲಿ ಕನ್ನಡದಲ್ಲಿ ‘ಲಕ್ಕಿ ಮ್ಯಾನ್’ ಬಿಡುಗಡೆಯಾಯಿತು. ‘ಓ ಮೈ ಕಡವುಳೆ’ ಎಂಬ ತಮಿಳು ಚಿತ್ರದ ಕನ್ನಡ ರೂಪ ಅದು. ಮುರಿದ ದಾಂಪತ್ಯವನ್ನು ಸರಿಪಡಿಸಿಕೊಳ್ಳಲು ಯುವಕನೊಬ್ಬನಿಗೆ ಎರಡನೆಯ ಅವಕಾಶದ ಟಿಕೆಟ್ಟು ಕೊಡುವ ನಗುಮೊಗದ ದೇವರಾಗಿ ಅದರಲ್ಲಿ ಪುನೀತ್ ರಾಜ್‌ಕುಮಾರ್ ಕಾಣಿಸಿಕೊಂಡಿದ್ದರು. ಆ ವೇಳೆಗೆ ಅವರು ತೀರಿಕೊಂಡು ಹತ್ತು ತಿಂಗಳಾಗಿದ್ದವು. 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ಅವರು ಹೋದಾಗ ನಾಡಿನ ಮನೆಮನೆಯಲ್ಲಿ ಕೇಳಿಬಂದದ್ದು ಆ ಮುದುಕಿಯ ಆಕ್ಷೇಪಣೆಯೇ. ತಮಾಷೆಗೆಂದು ಬರೆದ ದೇವರ ಪಾತ್ರವನ್ನು ಜನ ತುಂಬಿದ ಕಣ್ಣಿನಿಂದ ನೋಡಿದರು. ಇನ್ನೊಬ್ಬರಿಗೆ ಎರಡನೆಯ ಅವಕಾಶ ಕೊಡುವವನಿಗೇ ಅದು ದೊರೆಯಲಿಲ್ಲವಲ್ಲ ಎಂಬ ಮಾತನ್ನು ಚಿತ್ರ ಹೇಳಿರಲಿಲ್ಲ. ನೋಡುವವರ ಮನಸ್ಸೇ ಹೇಳಿಕೊಂಡಿತು.

ಧರ್ಮ ಮತ್ತು ಹಾಸ್ಯ ಒಂದನ್ನೊಂದು ಕಂಡರಾಗದ ದಾಯಾದಿಗಳೆಂದು ವಾದಿಸುವವರು ಎರಡೂ ಕಡೆ ಇದ್ದಾರೆ. ಯಮಲೋಕದ ಈ ಕಥೆಗಳು ಹೇಳುವುದೇ ಬೇರೆ. ಲೆಕ್ಕವಿಡುವವನೊಬ್ಬ ಇದ್ದಾನೆಂದು ನಂಬುವುದು ಒಂದು ಸಮಾಧಾನ. ಅವನ ಲೆಕ್ಕವನ್ನು ಮತ್ತೊಮ್ಮೆ ಕೂಡಿ ನೋಡಿ ಎಂದು ಕೇಳಬಹುದೆಂಬುದು ಇನ್ನೊಂದು ಸಮಾಧಾನ. ಮೊದಲನೆಯದನ್ನು ಧರ್ಮ ಕೊಟ್ಟಿತು. ಎರಡನೆಯದನ್ನು ಮಾಂಡವ್ಯ ಕೋಪದಿಂದ ಪಡೆದ, ಸಾವಿತ್ರಿ ಜಾಣ್ಮೆಯಿಂದ ಪಡೆದಳು. ಕೋಪವೂ ಜಾಣ್ಮೆಯೂ ಸಾಲದ ನಮ್ಮಂಥವರು ಎರಡೂವರೆ ಗಂಟೆ ಕತ್ತಲಲ್ಲಿ ಕುಳಿತು, ನಕ್ಕು, ಪಡೆಯುತ್ತೇವೆ.